ಶೇರು ಮಾರಿಲ್ಲ, ತೆರಿಗೆ ಮಾತ್ರ ಕಟ್ಟಾಯಿತು!

ಪ್ರಶ್ನೆ: ಮೇಡಂ, ನಾನು ಹುಬ್ಬಳ್ಳಿಯವನು, ಪುಣೆಯ ಹಿಂಜವಡಿಯಲ್ಲಿ ಕೆಲಸ. ನಮ್ಮ ಕಂಪನಿ ಶೇರು ಮಾರ್ಕೆಟ್‌ನಲ್ಲಿದೆ. ಜೂನ್‌ನಲ್ಲಿ ಇಸಾಪ್‌ನ (ಕಂಪನಿ ತನ್ನ ನೌಕರರಿಗೆ ಮೊದಲೇ ಗೊತ್ತುಮಾಡಿದ ಬೆಲೆಗೆ ಶೇರು ಕೊಡುವ ಯೋಜನೆ) 1,000 ಶೇರುಗಳನ್ನು 50 ರೂಪಾಯಿಯಂತೆ ತಗೊಂಡೆ. ಅವತ್ತಿನ ಬೆಲೆ 450. ಆ ತಿಂಗಳ ಸಂಬಳದಲ್ಲಿ 1,24,800 ರೂಪಾಯಿ ಟಿಡಿಎಸ್ ಜಾಸ್ತಿ ಹಿಡಿದರು. ಈಗ ಬೆಲೆ 300. ಒಂದು ಶೇರನ್ನೂ ಮಾರಿಲ್ಲ, ತೆರಿಗೆ ಯಾಕೆ? ಬಾನೇರ್‌ನಲ್ಲಿ ಸ್ಟಾರ್ಟಪ್ ಸೇರಿರುವ ಗೆಳೆಯನಿಗೆ ಹೀಗೆ ಹಿಡಿದಿಲ್ಲ. ಇನ್ನೂ 500 ಆಪ್ಷನ್, ಅಂದರೆ ಹೀಗೆ ಶೇರು ತಗೊಳ್ಳುವ ಹಕ್ಕು, ಬಾಕಿ ಇವೆ.
— ಹೆಸರು ಬೇಡ, ಪುಣೆ

ಉತ್ತರ: ನಿಮ್ಮ ಸಂಕಟ ಗೊತ್ತಾಗುತ್ತದೆ. ಆದರೆ ಕಂಪನಿಯ ಲೆಕ್ಕ ಸರಿ ಇದೆ. 450ರ ಶೇರು ನಿಮಗೆ 50ಕ್ಕೆ ಸಿಕ್ಕಿತು. ನಡುವಿನ 400 ರೂಪಾಯಿಯನ್ನು ಕಾನೂನು ಸಂಬಳ ಅಂತಲೇ ಎಣಿಸುತ್ತದೆ. ಒಟ್ಟು 4 ಲಕ್ಷ, ಅದರ ಮೇಲೆ 30% ತೆರಿಗೆ, ತೆರಿಗೆಯ ಮೇಲೆ 4% ಸೆಸ್. ಆಮೇಲೆ ಬೆಲೆ ಇಳಿದರೂ ಈ ದುಡ್ಡು ವಾಪಸ್ ಬರಲ್ಲ. ನನ್ನನ್ನು ಕೇಳಿದರೆ ಇದು ಕಠಿಣ ನಿಯಮವೇ, ಕೈಗೆ ಬಾರದ ಲಾಭಕ್ಕೆ ತೆರಿಗೆ!

ಇನ್ನು ಮುಂದೆ ಎಚ್ಚರ ಬೇಕಾದ್ದು ಮಾರುವಾಗ. ಆಗ ನಿಮ್ಮ ಕೊಂಡ ಬೆಲೆ 450, 50 ಅಲ್ಲ. ನನ್ನ ಮೈದುನ ರಿಟರ್ನ್ ತುಂಬುವಾಗ ತಾನು ಕೊಟ್ಟ ಸಣ್ಣ ಬೆಲೆಯನ್ನೇ ಹಾಕಿ, ಒಂದೇ ಲಾಭಕ್ಕೆ ಎರಡು ಸಲ ತೆರಿಗೆ ಕಟ್ಟಿದ್ದ. ಮನೆಯಲ್ಲೇ ನಾನಿದ್ದೇನೆ, ಕೇಳಲಿಲ್ಲ ನೋಡಿ. ಕಂಪನಿ ಕೊಡುವ ಫಾರ್ಮ್ 16ರ ಜೊತೆ ಬರುವ 12ಬಿಎ ಹಾಳೆಯನ್ನು (ಸಂಬಳದ ಜೊತೆ ಸಿಕ್ಕ ಇಂಥ ಸೌಲಭ್ಯಗಳ ಲೆಕ್ಕ) ಜೋಪಾನವಾಗಿಡಿ.

ಈಗ 300ಕ್ಕೆ ಮಾರಿದರೆ 1,50,000 ನಷ್ಟ. ಸಂಬಳದಿಂದ ಅದನ್ನು ಕಳೆಯಲು ಬರಲ್ಲ. ಬೇರೆ ಶೇರು, ಸೈಟು ಮಾರಿದ ಲಾಭದಿಂದ ಕಳೆಯಬಹುದು. ರಿಟರ್ನ್ ಗಡುವಿನೊಳಗೆ ಹಾಕಿದರೆ 8 ವರ್ಷ ಮುಂದಕ್ಕೂ ಒಯ್ಯಬಹುದು. ಬೆಲೆ 450 ದಾಟುವವರೆಗೆ ಕಾಯ್ತೀರಾ? ಶೇರು ನಿಮ್ಮ ಹೆಸರಿಗೆ ಬಂದು 12 ತಿಂಗಳಾದ ಮೇಲೆ ಮಾರಿದರೆ ಲಾಭಕ್ಕೆ 12.5%, ಅದೂ ವರ್ಷಕ್ಕೆ 1.25 ಲಕ್ಷ ಬಿಟ್ಟು. ಮೊದಲೇ ಮಾರಿದರೆ 20%.

ಗೆಳೆಯನ ಮೇಲೆ ಹೊಟ್ಟೆಕಿಚ್ಚು ಬೇಡ. ತೆರಿಗೆ ರಜೆಗೆ (ಕೆಲವು ವರ್ಷ ಕಂಪನಿಯ ಲಾಭಕ್ಕೆ ತೆರಿಗೆ ವಿನಾಯಿತಿ) ಸರ್ಕಾರದ ಸರ್ಟಿಫಿಕೇಟ್ ಪಡೆದ ಸ್ಟಾರ್ಟಪ್‌ಗಳ ನೌಕರರಿಗೆ ಮಾತ್ರ, ಶೇರು ತಗೊಂಡ ಕೂಡಲೇ ತೆರಿಗೆ ಹಿಡಿಯದ ಸೌಲಭ್ಯ 2020ರಿಂದ ಇದೆ. ಅದು ಮಾಫಿಯಲ್ಲ, ಬರೀ ಮುಂದೂಡಿಕೆ. ಅವನು ಶೇರು ಮಾರಿದರೆ, ಕೆಲಸ ಬಿಟ್ಟರೆ, ಇಲ್ಲವೇ ಸುಮಾರು ಐದು ವರ್ಷವಾದರೆ, ಯಾವುದು ಮೊದಲೋ ಆಗ ಕಟ್ಟಲೇಬೇಕು. ರಾಜೀನಾಮೆ ಕೊಡುವ ಮುಂಚೆ ಒಂದು ಸಲ ಲೆಕ್ಕ ಹಾಕಲು ಹೇಳಿ.

ನಿಮ್ಮ ಉಳಿದ 500ಕ್ಕೆ ಈ ಇಳಿತವೇ ಅನುಕೂಲ. ಅವೂ 50ರ ಬೆಲೆಯವೇ ಆಗಿದ್ದರೆ, 300 ಇರುವಾಗ ತಗೊಂಡರೆ ತೆರಿಗೆ 39,000. ಜೂನ್‌ನಲ್ಲೇ ತಗೊಂಡಿದ್ದರೆ 62,400 ಆಗುತ್ತಿತ್ತು. ಕಂಪನಿ ಮೇಲೆ ಇನ್ನೂ ನಂಬಿಕೆ ಇದ್ದರೆ ಮಾತ್ರ ತಗೊಳ್ಳಿ. ಆಪ್ಷನ್‌ಗಳ ಕೊನೇ ದಿನ ಯಾವತ್ತು ಅಂತ ನಾಳೆಯೇ ಎಚ್‌ಆರ್‌ಗೆ ಕೇಳಿ.