.32 ರಿವಾಲ್ವರಿಗೆ ಯಾವ ಗುಂಡು ತಗೊಳ್ಳಬೇಕು?

ತಿಕೋಟಾದಿಂದ ತಾಸಗಾಂವಿಗೆ ಒಣದ್ರಾಕ್ಷಿ ಒಯ್ದು ಮಾರಿ, ರೊಕ್ಕ ಹಿಡ್ಕೊಂಡು ರಾತ್ರಿ ವಾಪಸ್ ಬರ್ತೀರಿ, ಹೊಸದಾಗಿ .32 ರಿವಾಲ್ವರ್ ಲೈಸೆನ್ಸ್ ಸಿಕ್ಕಿದೆ, ವಿಡಿಯೋಗಳಲ್ಲಿ ಹೊಗಳುವ ಹಾಲೋ ಪಾಯಿಂಟ್ ಗುಂಡು ವಿಜಯಪುರದಲ್ಲಿ ಸಿಗುತ್ತದಾ ಅಂತ ಕೇಳಿದ್ದೀರಿ. ನಾನೂ ಇದೇ ಜಿಲ್ಲೆಯವನು. ಹನ್ನೊಂದು ವರ್ಷದಿಂದ .32 ಇಟ್ಟುಕೊಂಡಿದ್ದೇನೆ.

ಹಾಲೋ ಪಾಯಿಂಟ್ ಚಿಂತೆ ಬಿಡ್ರಿ. ಮೂತಿಗೆ ತೂತಿರುವ ಆ ಗುಂಡು ಮೈಗೆ ತಾಗಿ ಅರಳಬೇಕಾದರೆ ವೇಗ ಬೇಕು. ವಿಡಿಯೋದವರು ಹೆಚ್ಚಾಗಿ ತೋರಿಸುವುದು 9 ಎಂಎಂ. ಅದು ನಮ್ಮ ದೇಶದಲ್ಲಿ ನಿಷೇಧಿತ ಬೋರ್, ಅಂದರೆ ಸಾಮಾನ್ಯ ಜನರಿಗೆ ಲೈಸೆನ್ಸ್ ಕೊಡದ ಅಳತೆ. ನಮ್ಮ ರಿವಾಲ್ವರಿಗೆ ಹಾಕುವ .32 ಲಾಂಗ್ 1896ರ ಕಾಡತೂಸು. ಆರು ಗ್ರಾಂ ಚಿಲ್ಲರೆ ತೂಕದ ಸೀಸದ ಗುಂಡು ಸೆಕೆಂಡಿಗೆ ಸುಮಾರು 200 ಮೀಟರ್ ವೇಗದಲ್ಲಿ ಹೋಗುತ್ತದೆ. ಅಷ್ಟು ನಿಧಾನಕ್ಕೆ ತೂತಿನ ಗುಂಡು ಅರಳುವ ಭರವಸೆ ಇಲ್ಲ. ಸರ್ಕಾರಿ ಕಾರ್ಖಾನೆಯ ದುಂಡು ಮೂತಿಯ ಸಾದಾ ಸೀಸದ ಗುಂಡೇ ಸಾಕು. ಕೆಲವರು ಅದರ ಮೂತಿಗೆ ಅರ ಹಾಕಿ ಗೀರುತ್ತಾರೆ. ಮಾಡಬೇಡಿ, ಗುರಿ ಕೆಡುತ್ತದೆ.

ಅಂಗಡಿಯಲ್ಲಿ ಬರೀ '.32 ಕೊಡ್ರಿ' ಅನ್ನಬೇಡಿ, 'ರಿವಾಲ್ವರಿನ .32 ಲಾಂಗ್' ಅಂತಲೇ ಕೇಳಿ. ಸರ್ಕಾರಿ ಕಾರ್ಖಾನೆಯ ಅಶನಿ ಪಿಸ್ತೂಲಿಗೆ ಹಾಕುವುದೂ .32, ಆದರೆ ಅದು ಬೇರೆ ಕಾಡತೂಸು. ಅದರ ಹಿತ್ತಾಳೆ ಕೋಶ 17 ಮಿಲಿಮೀಟರ್, ನಿಮ್ಮದು 23. ಗಿಡ್ಡದು ರಿವಾಲ್ವರಿನಲ್ಲಿ ಕೂತಂತೆ ಕಾಣುತ್ತದೆ, ಅದಕ್ಕೇ ಜನ ಮೋಸ ಹೋಗುತ್ತಾರೆ. ಕೋಶದ ತಳದಲ್ಲಿ ಏನು ಒತ್ತಿದೆ ಅಂತ ಓದಿ, ಬಿಲ್ ಕೇಳಿ. ಭೀಮಾತೀರದಲ್ಲಿ ಕಳ್ಳ ಪಿಸ್ತೂಲು ಓಡಾಡುವುದು ನಿಮಗೆ ಗೊತ್ತೇ ಇದೆ. ಬಿಲ್ ಇಲ್ಲದ ಬಿಡಿ ಕಾಡತೂಸು ಯಾರೇ ಕೊಟ್ಟರೂ ಮುಟ್ಟಬೇಡಿ.

ಇನ್ನು ನಾನು ನಿಜವಾಗಿ ಹೇಳಬೇಕೆಂದದ್ದು. ಅವೇ ಆರು ಗುಂಡು ಮೂರು ವರ್ಷ ನನ್ನ ರಿವಾಲ್ವರಿನಲ್ಲೇ ಇದ್ದವು. ತುಕ್ಕು ಹಿಡಿಯಬಾರದು ಅಂತ ಆಗಾಗ ಧಾರಾಳವಾಗಿ ಎಣ್ಣೆ ಬಿಡುತ್ತಿದ್ದೆ. ಒಂದು ದಿನ ರೇಂಜಿನಲ್ಲಿ ಹಾರಿಸಿದರೆ ಆರರಲ್ಲಿ ಎರಡು ಟಕ್ ಅಂದು ಸುಮ್ಮನಾದವು. ಎಣ್ಣೆ ಕೋಶದ ತಳದಲ್ಲಿ ಕಿಡಿ ಹೊತ್ತಿಸುವ ಟೋಪಿಯೊಳಗೆ ಇಳಿದಿತ್ತು. ಆ ಗುಂಡುಗಳನ್ನು ನಂಬಿ ಮೂರು ವರ್ಷ ರಾತ್ರಿ ದಾರಿ ನಡೆದಿದ್ದೆನಲ್ಲ ಅಂತ ನೆನೆದರೆ ಇವತ್ತಿಗೂ ಎದೆ ಝಲ್ ಅನ್ನುತ್ತದೆ.

ಅಂದಿನಿಂದ ಒಂದೇ ಪೆಟ್ಟಿಗೆಯ ಗುಂಡುಗಳಲ್ಲಿ ಅರ್ಧ ಹಾರಿಸಿ ನೋಡಿ, ಉಳಿದರ್ಧ ಇಟ್ಟುಕೊಳ್ಳುತ್ತೇನೆ. ವರ್ಷಕ್ಕೊಮ್ಮೆ ಹಳೆಯವನ್ನು ಅಭ್ಯಾಸಕ್ಕೆ ಮುಗಿಸಿ ಹೊಸವು ತುಂಬುತ್ತೇನೆ. ಎಣ್ಣೆ ಹಾಕಿದ ಮೇಲೆ ಸಿಲಿಂಡರ್ ಒಣಗಿದ ಬಟ್ಟೆಯಿಂದ ಒರೆಸಿಯೇ ತುಂಬುವುದು. ಏಪ್ರಿಲ್-ಮೇದಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ, ಬೈಕಿನ ಡಿಕ್ಕಿಯಲ್ಲೋ ಕಾರಿನ ಡ್ಯಾಶ್‌ಬೋರ್ಡಿನಲ್ಲೋ ಕಾಡತೂಸು ಬಿಡಬೇಡಿ. ಚುನಾವಣೆಗೆ ಠಾಣೆಯಲ್ಲಿ ಜಮಾ ಮಾಡಿದ್ದು ವಾಪಸ್ ಬಂದಾಗಲೂ ಒಮ್ಮೆ ಪರೀಕ್ಷೆ ಆಗಲಿ.

ಅಭ್ಯಾಸದಲ್ಲಿ ಟಕ್ ಅಂದು ಹಾರದಿದ್ದರೆ ನಳಿಕೆ ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ, ತಡವಾಗಿ ಹಾರಬಹುದು. ಸದ್ದು 'ಠುಸ್' ಅಂತ ಸಣ್ಣದಾಗಿ ಬಂದರೆ ಇನ್ನೊಂದು ಹೊಡೆಯಲೇಬೇಡಿ. ಗುಂಡು ನಳಿಕೆಯಲ್ಲೇ ಸಿಕ್ಕಿರಬಹುದು, ಹಿಂದಿನಿಂದ ಇನ್ನೊಂದು ಬಂದರೆ ನಳಿಕೆ ಸೀಳಿ ಕೈ ಹೋಗುತ್ತದೆ. ಕರಿಕಲ್ಲಿನ ಗೋಡೆಗಂತೂ ಹೊಡೆಯಬೇಡಿ, ಗುಂಡು ಪುಟಿದು ಬರುತ್ತದೆ.

ನೀವು ಕೇಳದಿದ್ದರೂ ಒಂದು ಮಾತು. ತಾಸಗಾಂವ ಮಹಾರಾಷ್ಟ್ರದಲ್ಲಿದೆ. ನಿಮ್ಮ ಲೈಸೆನ್ಸಿನಲ್ಲಿ 'ಕರ್ನಾಟಕ' ಅಂತಷ್ಟೇ ಬರೆದಿದ್ದರೆ ಗಡಿ ದಾಟಿದ ಕೂಡಲೇ ಅಪರಾಧಿ ನೀವೇ ಆಗುತ್ತೀರಿ. ಮುಂದಿನ ಲೋಡ್ ಹೊರಡುವ ಮೊದಲು ಪುಸ್ತಕ ತೆಗೆದು ಆ ಸಾಲು ನೋಡಿ, ಇಲ್ಲದಿದ್ದರೆ ಡಿಸಿ ಕಚೇರಿಯಲ್ಲಿ ಕ್ಷೇತ್ರ ವಿಸ್ತರಣೆಗೆ ಅರ್ಜಿ ಕೊಡಿ. ಅಲ್ಲಿಯವರೆಗೆ ರಿವಾಲ್ವರ್ ಮನೆಯ ಕಪಾಟಿನಲ್ಲಿರಲಿ, ದಲಾಲರಿಗೆ ಹೇಳಿ ರೊಕ್ಕ ಬ್ಯಾಂಕಿಗೇ ಹಾಕಿಸಿಕೊಳ್ಳಿ.