ಇಳಿಯುವಾಗಲೇ ಏಕೆ ನೋವು?

ಪ್ರಶ್ನೆ: ನನಗೆ 47. ವರ್ಷಗಟ್ಟಲೆ ಆರೈಕೆ ಮಾಡಿದ ಅತ್ತೆ ತೀರಿಕೊಂಡ ಮೇಲೆ ಮನಸ್ಸು ಖಾಲಿಯಾಗಿತ್ತು. ಗೆಳತಿಯರೊಂದಿಗೆ ಬೆಟ್ಟ ಹತ್ತತೊಡಗಿದ ಮೇಲೆ ಹಗುರವಾಗಿದೆ. ಆದರೆ ಇಳಿಯುವಾಗ ಮೊಣಕಾಲು ನೋವು, ಹೆಗಲು ಸೆಳೆತ. 3,500 ಮೀಟರ್ ಎತ್ತರದ ಚಾರಣಕ್ಕೆ ಹೋಗಬಹುದೇ? ಮುಟ್ಟಾದರೆ?

ಉತ್ತರ: ಹೋಗಬಹುದು. ಮೊದಲು ಇಳಿಯುವುದನ್ನು ಕಲಿಯಿರಿ. ಇಳಿಜಾರಿನಲ್ಲಿ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ದೇಹದ ಭಾರ ತಡೆಯಬೇಕು. ಅದು ದಣಿದರೆ ಹೊಡೆತ ಮೊಣಕಾಲಿಗೆ. ಮೆಟ್ಟಿಲ ಮೇಲೆ ಒಂಟಿಕಾಲಲ್ಲಿ ನಿಂತು, ಇನ್ನೊಂದರ ಹಿಮ್ಮಡಿಯನ್ನು ಮೂರು ಎಣಿಸುತ್ತ ಕೆಳಗೆ ತಾಗಿಸಿ, ಮೇಲೆತ್ತಿ. ಪ್ರತಿ ಕಾಲಿಗೆ 10 ಸಲ, ವಾರಕ್ಕೆ ಮೂರು ದಿನ, ಕನಿಷ್ಠ ಆರು ವಾರ. ಬೆಟ್ಟದಲ್ಲಿ ಪುಟ್ಟ ಹೆಜ್ಜೆಯಿಡಿ; ಕೈಯಲ್ಲಿ ಉದ್ದ ಹೊಂದಿಸಬಹುದಾದ ಎರಡು ಚಾರಣ ಕೋಲಿರಲಿ, ಇಳಿಯುವಾಗ ಅವನ್ನು 5–10 ಸೆಂ.ಮೀ. ಉದ್ದ ಮಾಡಿಕೊಳ್ಳಿ. ಮೊಣಕಾಲು ಊದಿದರೆ ವೈದ್ಯರಿಗೆ ತೋರಿಸಿ.

ಹೆಗಲಿನದು ಬಹುತೇಕ ಚೀಲದ ತಪ್ಪು. ಸೊಂಟಪಟ್ಟಿಯನ್ನು ಹೊಟ್ಟೆಗಲ್ಲ, ಸೊಂಟದ ಮೂಳೆಯ ಮೇಲೆ ಮೊದಲು ಬಿಗಿಯಿರಿ, ಹೆಗಲಪಟ್ಟಿ ಆಮೇಲೆ.

3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಬಾರದು. ತಲೆನೋವಿನ ಜೊತೆ ವಾಕರಿಕೆ ಬಂದರೆ ಅದು ಎತ್ತರ ಒಗ್ಗದ ಸೂಚನೆ, ಅಲ್ಲೇ ನಿಲ್ಲಿ. ನಡಿಗೆ ತೂರಾಡಿದರೆ ಬೆಳಗಿಗೆ ಕಾಯದೆ ಇಳಿಯಿರಿ. ‘ನನ್ನಿಂದ ಗುಂಪಿಗೆ ತೊಂದರೆ’ ಎಂದು ಬಾಯಿ ಮುಚ್ಚಿಕೊಳ್ಳುವ ಅಭ್ಯಾಸ ಅಲ್ಲಿ ಜೀವಕ್ಕೇ ಎರವು.

ಬೆಟ್ಟ ಮನಸ್ಸಿಗೆ ಒಳ್ಳೆಯದು ನಿಜ. ಆದರೂ ವಾರಗಟ್ಟಲೆ ನಿದ್ದೆ ಬಾರದಿದ್ದರೆ ಆಪ್ತಸಮಾಲೋಚಕರನ್ನೂ ಕಾಣಿ.

ಮುಟ್ಟು ಅಡ್ಡಿಯಲ್ಲ. ಶೌಚಕ್ಕೆ ಹೆದರಿ ನೀರು ಕಡಿಮೆ ಮಾಡಬೇಡಿ. ಪ್ಯಾಡ್ ಹೂಳಬೇಡಿ, ಪ್ರಾಣಿಗಳು ಕೆದರುತ್ತವೆ. ಎರಡು ಪದರದ ಚೀಲದಲ್ಲಿ ಕಟ್ಟಿ ಕೆಳಗೆ ತನ್ನಿ.