ತ್ಸಿಶಿ ಮಾಟ ಮಾಡಿದ್ದಳಾ? ಇದನ್ನು ಮತ್ತೆ ಕೇಳಬೇಡಿ

ಪ್ರಶ್ನೆ: ಚೀನಾದ ತ್ಸಿಶಿ ಚಕ್ರವರ್ತಿಯ ಉಪಪತ್ನಿ ಅಷ್ಟೇ. ಸಿಂಹಾಸನ ಏರಲೇ ಇಲ್ಲ. ಆದರೂ 47 ವರ್ಷ ಆಳಿದಳಂತೆ. ರೂಪ, ಮಾಟ, ವಿಷ ಇವುಗಳಿಂದಲೇ ಇದೆಲ್ಲ ಆಯಿತೇ?

ಉತ್ತರ: ಈ ಮೂರರಲ್ಲಿ ಒಂದಾದರೂ ಇಲ್ಲದ ಪತ್ರ ನನಗೆ ಬರುವುದೇ ಅಪರೂಪ. ಗಂಡಸು ರಾಜ್ಯ ಹಿಡಿದರೆ ರಾಜಕೀಯ, ಹೆಂಗಸು ಹಿಡಿದರೆ ಮಾಟ, ಅಲ್ವಾ? ಆಕೆಯ ಬಳಿ ಇದ್ದದ್ದು ಒಬ್ಬ ಮಗ ಮತ್ತು ಒಂದು ಮುದ್ರೆ.

1860ರಲ್ಲಿ ಬ್ರಿಟಿಷರು, ಫ್ರೆಂಚರು ಬೀಜಿಂಗ್‌ಗೆ ನುಗ್ಗಿದಾಗ ಶಿಯೆನ್‌ಫೆಂಗ್ ಚಕ್ರವರ್ತಿ ರೆಹೆಯ ಅರಮನೆಗೆ ಓಡಿಹೋದ. ಮರುವರ್ಷ ಆಗಸ್ಟ್‌ನಲ್ಲಿ ಅಲ್ಲೇ ತೀರಿಕೊಂಡ. ಉಳಿದಿದ್ದ ಒಬ್ಬನೇ ಮಗ ತ್ಸಿಶಿ ಹೆತ್ತವನು, 5 ವರ್ಷದ ಹುಡುಗ. ಆಡಳಿತ ನೋಡಿಕೊಳ್ಳಲು 8 ಮಂದಿ ನೇಮಕವಾದರು. ಅವರಲ್ಲಿ ಸುಶುನ್‌ನದೇ ಜೋರು. ಆದರೆ ಆಜ್ಞೆಯ ಮೇಲೆ ಬೀಳಬೇಕಾದ ಎರಡು ಮುದ್ರೆಗಳು ಅವರ ಕೈಲಿರಲಿಲ್ಲ. ಮೊದಲಲ್ಲಿ ಒತ್ತುವುದು ಪಟ್ಟದರಸಿ ತ್ಸಿಆನ್ ಬಳಿ ಇತ್ತು. ಕೊನೆಯಲ್ಲಿ ಒತ್ತುವುದು ಹುಡುಗನದು, ಅಂದರೆ ಅವನ ತಾಯಿಯ ಬಳಿ.

ಒಬ್ಬ ಅಧಿಕಾರಿ ರಾಣಿಯರೇ ಆಡಳಿತ ನಡೆಸಲಿ ಎಂದು ಅರ್ಜಿ ಹಾಕಿದ. ನಮ್ಮ ವಂಶದಲ್ಲಿ ಆ ಪದ್ಧತಿಯೇ ಇಲ್ಲ ಎಂದು 8 ಮಂದಿ ರೇಗಿದರು. ಕೆಲಸ ನಿಲ್ಲಿಸಿ ಕೂತರು. ರಾಣಿಯರು ಆಗ ಸೋತಂತೆ ಸುಮ್ಮನಾದರು. ಬೀಜಿಂಗ್‌ನಲ್ಲೇ ಉಳಿದಿದ್ದ ಮೈದುನ ಗೊಂಗ್ ಜೊತೆ ಒಳಗೊಳಗೇ ಮಾತಾಗಿತ್ತು. ರಾಣಿಯರು ಚಕ್ರವರ್ತಿಯ ಶವಕ್ಕಿಂತ ಮೊದಲೇ ರಾಜಧಾನಿ ತಲುಪಿದರು. ಶವದ ಜೊತೆ ಬರುತ್ತಿದ್ದ ಸುಶುನ್‌ನನ್ನು ದಾರಿಯಲ್ಲೇ ಹಿಡಿಸಿದರು. ನವೆಂಬರ್‌ನಲ್ಲಿ ಅವನ ತಲೆ ಹೋಯಿತು. ಹುಡುಗನ ಹಿಂದೆ ಹಳದಿ ಪರದೆ ಬಂತು, ಪರದೆಯ ಹಿಂದೆ ಇಬ್ಬರು ರಾಣಿಯರು ಕೂತರು. ಇಬ್ಬರು ಅಂದೆ. ಸ್ಥಾನದಲ್ಲಿ ತ್ಸಿಆನ್ ಮೇಲಿನವಳು, 1881ರವರೆಗೆ ಬದುಕಿದ್ದಳು. ಆಕೆಯ ಬಗ್ಗೆ ಒಬ್ಬರೂ ಬರೆದು ಕೇಳುವುದಿಲ್ಲ.

ನಿಜವಾದ ಚಾಲಾಕಿತನ 1875ರದು. ಮಗ ತುಂಗ್‌ಜಿ 18ಕ್ಕೇ, ಮಕ್ಕಳಿಲ್ಲದೆ ಸತ್ತ. ಪದ್ಧತಿಯ ಪ್ರಕಾರ ಮುಂದಿನ ತಲೆಮಾರಿನ ಹುಡುಗನೊಬ್ಬ ಅವನಿಗೆ ದತ್ತು ಬರಬೇಕು. ಹಾಗಾದರೆ ರಾಜಮಾತೆ ಆಗುವವಳು ಸೊಸೆ. ತ್ಸಿಶಿ ಅಜ್ಜಿಯಾಗಿ ಮೂಲೆ ಸೇರಬೇಕು. ಆಕೆ ಆರಿಸಿದ್ದು ತಂಗಿಯ 3 ವರ್ಷದ ಮಗನನ್ನು. ಅವನೇ ಗುವಾಂಗ್‌ಶು. ಸತ್ತವನಿಗೆ ತಮ್ಮನ ಸಾಲಿನವನು. ದತ್ತು ಕೊಟ್ಟದ್ದು ಎಂದೋ ತೀರಿಕೊಂಡ ಶಿಯೆನ್‌ಫೆಂಗ್‌ಗೆ. ತ್ಸಿಶಿ ಮತ್ತೆ ತಾಯಿಯೇ ಆದಳು!

ವು ಕೆದು ಎಂಬ ಅಧಿಕಾರಿ 1879ರಲ್ಲಿ ಇದನ್ನು ಪ್ರತಿಭಟಿಸಿ ಪ್ರಾಣವನ್ನೇ ಬಿಟ್ಟ. ಅವನ ತಕರಾರು ಮಾಟದ ಬಗ್ಗೆ ಅಲ್ಲ, ತುಂಗ್‌ಜಿಗೆ ವಾರಸುದಾರನಿಲ್ಲದಂತೆ ಆಯಿತಲ್ಲ ಎಂದು. ಚಕ್ರವರ್ತಿಯಾದರೂ ತಾಯಿಗೆ ಮಂಡಿಯೂರಬೇಕಾದ ದೇಶ ಅದು. ಅದಕ್ಕೇ 1898ರಲ್ಲಿ 27 ವರ್ಷದ ಗುವಾಂಗ್‌ಶುವನ್ನು ಪಕ್ಕಕ್ಕೆ ಕೂರಿಸಲು ಆಕೆಗೆ ಆಯಿತು. ಸೇನೆಯ ಬೆಂಬಲವೂ ಇತ್ತು ಅನ್ನಿ.

ಇನ್ನು ಆ 47 ವರ್ಷ. 1873ರಲ್ಲಿ ಮತ್ತು 1889ರಲ್ಲಿ ಎರಡು ಸಲ ಪರದೆ ತೆಗೆದಿದ್ದರು, ಅಂದರೆ ಆಡಳಿತವನ್ನು ಚಕ್ರವರ್ತಿಗೇ ಬಿಟ್ಟಿದ್ದರು. ಆ ವರ್ಷಗಳನ್ನು ಕಳೆದು ಆಮೇಲೆ ಕೂಡಿಸಿ.

ಪ್ರಶ್ನೆ: ಗುವಾಂಗ್‌ಶುಗೆ ವಿಷ ಹಾಕಿದ್ದು ಆಕೆಯೇ ತಾನೇ?

ಉತ್ತರ: ಅವನ ಕೂದಲಲ್ಲಿ ವಿಪರೀತ ಆರ್ಸೆನಿಕ್ ಇತ್ತೆಂದು 2008ರಲ್ಲಿ ಗೊತ್ತಾಯಿತು. ಅವನು 1908ರ ನವೆಂಬರ್ 14ರಂದು ಸತ್ತ, ಆಕೆ ಮರುದಿನ. ಅನುಮಾನ ಪಡಿ, ಬೇಡ ಅನ್ನುವುದಿಲ್ಲ. ಕೊಟ್ಟ ಕೈ ಯಾರದೆಂದು ಕೂದಲು ಹೇಳುವುದಿಲ್ಲ.

ಪ್ರಶ್ನೆ: ನೌಕಾಪಡೆಯ ದುಡ್ಡಲ್ಲಿ ಕಲ್ಲಿನ ದೋಣಿ ಕಟ್ಟಿಸಿದಳಂತೆ?

ಉತ್ತರ: ಬೇಸಿಗೆ ಅರಮನೆಗೆ ಆ ದುಡ್ಡು ಹೋದದ್ದು ನಿಜ. ದೋಣಿಯ ಕಲ್ಲಿನ ತಳ ಮಾತ್ರ 18ನೇ ಶತಮಾನದ್ದು, ಆಕೆ ಹುಟ್ಟುವುದಕ್ಕೂ ಮುಂಚಿನದು.

ಪ್ರಶ್ನೆ: ಹಾಗಾದರೆ ಚೀನಾದಲ್ಲಿ ಹೆಂಗಸು ಚಕ್ರವರ್ತಿ ಆಗಿಯೇ ಇಲ್ಲವೇ?

ಉತ್ತರ: ವು ಝೆಟಿಯನ್, 690ರಿಂದ 705ರವರೆಗೆ. ಆಕೆ ಪರದೆ ಸರಿಸಿ ಸಿಂಹಾಸನದಲ್ಲೇ ಕೂತಳು, ರಾಜವಂಶದ ಹೆಸರನ್ನೂ ಬದಲಿಸಿದಳು.

ಪ್ರಶ್ನೆ: ತ್ಸಿಶಿ ಬಳಸುತ್ತಿದ್ದ ಮುತ್ತಿನ ಪುಡಿ ಎಂದು ಮಾರುತ್ತಿದ್ದಾರೆ. ತಗೋಬಹುದಾ?

ಉತ್ತರ: ನಾನು ಇತಿಹಾಸದವನು. ಚರ್ಮದ ಡಾಕ್ಟರನ್ನು ಕೇಳಿ. ಮಾರುವವನನ್ನು ಮಾತ್ರ ಕೇಳಬೇಡಿ.